ಸಾಹಿತ್ಯ ಸಂದೇಹ: ಅಲಂಕಾರದ ಹೆಸರು, ಸಾಲಿನ ಕೆಲಸ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಹಿತ್ಯದ ಪರಿಭಾಷೆಗೆ, ಅದರಲ್ಲೂ ಅಲಂಕಾರಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ಸಂದೇಹಗಳನ್ನು ಒಟ್ಟುಗೂಡಿಸಿ, ಪ್ರಶ್ನೆಗಳನ್ನು ತುಸು ಸಂಕ್ಷೇಪಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: "ಅಂತೆ", "ಹಾಗೆ", "ವೊಲ್" ಮುಂತಾದ ಪದಗಳಿದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂದು ಪ್ರೌಢಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಇಷ್ಟು ಸಾಕೇ? ಸಂದೇಹ, ಭ್ರಾಂತಿಮಾನ್, ಅಪಹ್ನುತಿ ಮೊದಲಾದವು ಬಂದಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. (ಒಬ್ಬ ಶಿಕ್ಷಕಿ)

ಉತ್ತರ: ಪರೀಕ್ಷೆಯ ಮಟ್ಟಿಗೆ ಈ ಗುರುತು ಬಹಳ ಸಲ ಕೈಹಿಡಿಯುತ್ತದೆ, ಆದರೆ ಅದನ್ನೇ ನಂಬಿ ಕುಳಿತ ವಿದ್ಯಾರ್ಥಿ ಬೇಗನೆ ಮುಗ್ಗರಿಸುತ್ತಾನೆ. "ನಾಳೆ ಬರುತ್ತಾನಂತೆ" ಎಂಬಲ್ಲಿಯೂ "ಅಂತೆ" ಇದೆ, "ಹೇಳಿದಂತೆ ನಡೆದುಕೊಂಡ" ಎಂಬಲ್ಲಿಯೂ ಇದೆ. ಎರಡರಲ್ಲೂ ಹೋಲಿಕೆಯೇ ಇಲ್ಲ. "ಈ ಕುರ್ಚಿ ಆ ಕುರ್ಚಿಯಂತೆಯೇ ಇದೆ" ಎಂಬಲ್ಲಿ ಹೋಲಿಕೆ ಇದ್ದರೂ ಅದು ಬರಿಯ ವರದಿ. ಬೇರೆ ಬೇರೆ ಜಾತಿಯ ಎರಡು ವಸ್ತುಗಳ ನಡುವೆ ಕವಿ ಕಂಡುಕೊಂಡ ಸಾದೃಶ್ಯದಲ್ಲಿ ಓದುಗನ ಮನಸ್ಸನ್ನು ಹಿಡಿಯುವ ಚಮತ್ಕಾರವಿದ್ದಾಗ ಮಾತ್ರ ಆಲಂಕಾರಿಕರು ಅದನ್ನು ಉಪಮೆಯೆಂದು ಒಪ್ಪುತ್ತಾರೆ.

ಉಪಮೆಯ ನಾಲ್ಕು ಅಂಗಗಳು ನಿಮಗೆ ಗೊತ್ತೇ ಇವೆ. ವರ್ಣಿಸಲು ಹೊರಟದ್ದು ಉಪಮೇಯ, ಹೋಲಿಕೆಗಾಗಿ ತಂದದ್ದು ಉಪಮಾನ, ಎರಡಕ್ಕೂ ಹೊಂದುವ ಗುಣ ಸಮಾನಧರ್ಮ, ಹೋಲಿಕೆಯನ್ನು ಸೂಚಿಸುವ ಪದ ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ವಾಚಕವೇ ಬಿಟ್ಟುಹೋದ ಲುಪ್ತೋಪಮೆಯೂ ಉಂಟಾದ್ದರಿಂದ, ವಾಚಕವಿಲ್ಲ ಎಂಬ ಒಂದೇ ಕಾರಣಕ್ಕೆ ರೂಪಕವೆಂದು ತೀರ್ಮಾನಿಸುವಂತಿಲ್ಲ. "ಮುಖಚಂದ್ರ" ಎಂಬ ಸಮಾಸವನ್ನೇ ನೋಡಿ. "ಮುಖಚಂದ್ರ ನಕ್ಕಿತು" ಎಂದರೆ ನಗುವುದು ಮುಖದ ಕೆಲಸವಾದ್ದರಿಂದ ಅಲ್ಲಿ ಮುಖವೇ ಪ್ರಧಾನ. ಚಂದ್ರನಂಥ ಮುಖ ಎಂದು ಬಿಡಿಸಿಕೊಂಡು ಉಪಮೆಯೆನ್ನಬೇಕು. "ಮುಖಚಂದ್ರ ಉದಯಿಸಿತು" ಎಂದರೆ ಉದಯ ಚಂದ್ರನಿಗೆ ಸಲ್ಲುವ ಕ್ರಿಯೆ. ಮುಖವನ್ನು ಚಂದ್ರನೆಂದೇ ಭಾವಿಸಿದ ರೂಪಕ ಅದು. ಸಮಾಸ ಬದಲಾಗಲಿಲ್ಲ, ವಾಚಕ ಎರಡರಲ್ಲೂ ಇಲ್ಲ; ಅಲಂಕಾರವನ್ನು ನಿರ್ಧರಿಸಿದ್ದು ಕ್ರಿಯಾಪದ.

ಇನ್ನು ಮಕ್ಕಳ ಗೊಂದಲದ ಮಾತು. ಪುಸ್ತಕದಲ್ಲಿ ಪ್ರತಿ ಅಲಂಕಾರಕ್ಕೂ ಬೇರೊಂದು ಉದಾಹರಣೆಯಿರುವುದರಿಂದ ಮಕ್ಕಳು ಉದಾಹರಣೆಗಳನ್ನು ಬಾಯಿಪಾಠ ಮಾಡುತ್ತಾರೆ, ವ್ಯತ್ಯಾಸ ಮಾತ್ರ ಕೈಗೆ ಸಿಗುವುದಿಲ್ಲ. ಒಂದೇ ಸನ್ನಿವೇಶವನ್ನು ಇಟ್ಟುಕೊಂಡು ಎಲ್ಲ ಅಲಂಕಾರಗಳನ್ನೂ ಅದರ ಮೇಲೆ ಹಾಯಿಸಿ ನೋಡಿ. ಗಾಯಕನೊಬ್ಬ ಖಾಲಿ ಸಭಾಂಗಣದಲ್ಲಿ ಹಾಡಿ ಮುಗಿಸುತ್ತಾನೆ. ಅದೇ ಹೊತ್ತಿಗೆ ತಗಡಿನ ಮಾಡಿನ ಮೇಲೆ ಮಳೆ ಶುರುವಾಗುತ್ತದೆ. "ಮಳೆ ಚಪ್ಪಾಳೆಯಂತೆ ಸದ್ದು ಮಾಡಿತು" ಎಂದರೆ ಉಪಮೆ. ಮಳೆ ಮಳೆಯಾಗಿಯೂ ಚಪ್ಪಾಳೆ ಚಪ್ಪಾಳೆಯಾಗಿಯೂ ಉಳಿದು, ನಡುವೆ ಹೋಲಿಕೆಯೊಂದು ಓಡಾಡುತ್ತದೆ. "ಮಳೆಯ ಚಪ್ಪಾಳೆ ಸಭಾಂಗಣವನ್ನು ತುಂಬಿತು" ಎಂದರೆ ಎರಡಕ್ಕೂ ಅಭೇದ ಕಲ್ಪಿಸಿದ ರೂಪಕ. "ಇದು ಮಳೆಯೋ, ಚಪ್ಪಾಳೆಯೋ?" ಎಂದಾಗ ಮನಸ್ಸು ಎರಡರ ನಡುವೆ ತೂಗಾಡುತ್ತಿದೆ, ತೀರ್ಮಾನಕ್ಕೆ ಬಂದಿಲ್ಲ, ಅದು ಸಂದೇಹ. "ಸದ್ದು ಕೇಳಿದ ಗಾಯಕ ತಲೆಬಾಗಿ ವಂದಿಸಿದ" ಎಂದರೆ ಭ್ರಾಂತಿಮಾನ್; ಅವನು ತೀರ್ಮಾನಕ್ಕೆ ಬಂದಿದ್ದಾನೆ, ಆ ತೀರ್ಮಾನ ತಪ್ಪು. "ಇದು ಮಳೆಯಲ್ಲ, ಚಪ್ಪಾಳೆ" ಎಂದರೆ ಅಪಹ್ನುತಿ. ಇಲ್ಲಿ ಯಾರೂ ಮೋಸಹೋಗಿಲ್ಲ, ಮಳೆಯೆಂದು ಗೊತ್ತಿದ್ದೇ ಅದನ್ನು ನಿರಾಕರಿಸಲಾಗಿದೆ. "ಚಪ್ಪಾಳೆಯಾದರೆ ಹತ್ತು ಎಣಿಸುವುದರೊಳಗೆ ನಿಂತುಹೋಗುತ್ತದೆ, ಈ ಮಳೆ ಬೆಳಗಿನವರೆಗೂ ನಿಲ್ಲಲಿಲ್ಲ" ಎಂದರೆ ಉಪಮಾನಕ್ಕಿಂತ ಉಪಮೇಯವನ್ನು ಮಿಗಿಲಾಗಿಸಿದ ವ್ಯತಿರೇಕ. ಮಳೆಯನ್ನು ವರ್ಣಿಸುತ್ತಲೇ ಹೋಲಿಕೆಯನ್ನು ತಿರುಗಿಸಿ, "ಚಪ್ಪಾಳೆಯೇನೋ ಈ ಮಳೆಯಂತೆಯೇ ಇರುತ್ತದೆ" ಎಂದು ಹೇಳಿದರೆ ಪ್ರತೀಪ.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಭ್ರಾಂತಿಮಾನ್. ಅಲ್ಲಿ ಹೋಲಿಕೆಯ ಒಂದು ಪದವೂ ಇಲ್ಲ, ಗಾಯಕನ ಒಂಟಿತನದ ಬಗ್ಗೆ ಒಂದು ಮಾತೂ ಇಲ್ಲ. ಅವನು ಯಾರೂ ಇಲ್ಲದ ಕುರ್ಚಿಗಳಿಗೆ ತಲೆಬಾಗಿದ್ದಷ್ಟೇ ಇದೆ. ಆದ್ದರಿಂದ ಮಕ್ಕಳಿಗೆ "ಯಾವ ಪದ ಬಂದಿದೆ?" ಎಂದು ಹುಡುಕಲು ಹೇಳುವುದಕ್ಕಿಂತ, "ಇಲ್ಲಿ ಯಾರ ಮನಸ್ಸು, ಏನು ಮಾಡುತ್ತಿದೆ?" ಎಂದು ಕೇಳಿಕೊಳ್ಳಲು ಹೇಳಿ. ಹೋಲಿಸುತ್ತಿದೆಯೇ, ಒಂದಾಗಿಸುತ್ತಿದೆಯೇ, ಅನುಮಾನಿಸುತ್ತಿದೆಯೇ, ಮೋಸಹೋಗಿದೆಯೇ, ಬೇಕೆಂದೇ ಅಲ್ಲಗಳೆಯುತ್ತಿದೆಯೇ ಎಂಬುದಕ್ಕೆ ಉತ್ತರ ಸಿಕ್ಕರೆ ಅಲಂಕಾರದ ಹೆಸರು ತಾನಾಗಿ ಬರುತ್ತದೆ.

ಪ್ರಶ್ನೆ: ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದನ್ನು ಎಲ್ಲರೂ ಉತ್ಪ್ರೇಕ್ಷೆ ಎನ್ನುತ್ತಾರೆ. ಹಾಗಾದರೆ ಅತಿಶಯೋಕ್ತಿ ಯಾವುದು?

ಉತ್ತರ: ದಿನಬಳಕೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಅಲಂಕಾರಶಾಸ್ತ್ರದಲ್ಲಿ ಮಾತ್ರ ಉತ್ಪ್ರೇಕ್ಷೆಯೆಂದರೆ ಒಂದನ್ನು ಮತ್ತೊಂದೆಂದು ಸಂಭಾವಿಸುವುದು, ಅಂದರೆ "ಇರಬಹುದೋ ಏನೋ" ಎಂಬ ಕಲ್ಪನೆಯನ್ನು ಮುಂದಿಡುವುದು. ಮೇಲಿನ ಸನ್ನಿವೇಶವನ್ನೇ ತೆಗೆದುಕೊಂಡರೆ, "ಹಾಡನ್ನು ಮೆಚ್ಚಿಯೋ ಎಂಬಂತೆ ಮೋಡ ಸುರಿಯತೊಡಗಿತು" ಎಂಬುದು ಉತ್ಪ್ರೇಕ್ಷೆ. ಮಳೆಗೆ ಇಲ್ಲದ ಒಂದು ಕಾರಣವನ್ನು ಕಲ್ಪಿಸಿದ್ದರಿಂದ ಇದನ್ನು ಹೇತೂತ್ಪ್ರೇಕ್ಷೆ ಎನ್ನುತ್ತಾರೆ. ಕಾರಣದ ಬದಲು ಉದ್ದೇಶವನ್ನು ಕಲ್ಪಿಸಿದರೆ ಫಲೋತ್ಪ್ರೇಕ್ಷೆ, ವಸ್ತುವನ್ನೇ ಬೇರೊಂದಾಗಿ ಊಹಿಸಿದರೆ ವಸ್ತೂತ್ಪ್ರೇಕ್ಷೆ. ಅತಿಶಯೋಕ್ತಿಯಲ್ಲಿ "ಓ ಎಂಬಂತೆ" ಎಂಬ ಹಿಂಜರಿಕೆ ಇರುವುದಿಲ್ಲ. "ಆ ರಾತ್ರಿ ಮಾಡಿನ ಮೇಲೆ ಬೆಳಗಿನವರೆಗೂ ಚಪ್ಪಾಳೆ ಬಿತ್ತು" ಎಂದು ಮಳೆಯ ಹೆಸರನ್ನೇ ಎತ್ತದೆ ಹೇಳಿದರೆ ಉಪಮಾನವು ಉಪಮೇಯವನ್ನು ನುಂಗಿಹಾಕಿದೆ. ಅತಿಶಯೋಕ್ತಿಯ ಮುಖ್ಯ ಬಗೆ ಇದು. ಲೋಕದ ಮಿತಿಯನ್ನು ದಾಟಿ ಹೇಳುವ ಮಾತುಗಳೂ ಅದರ ವ್ಯಾಪ್ತಿಗೆ ಸೇರುತ್ತವೆ.

ಪ್ರಶ್ನೆ: "ಇಡೀ ಊರು ನಕ್ಕಿತು" ಎಂಬುದು ರೂಪಕವೇ? ಊರು ನಗಲಾರದಷ್ಟೇ.

ಉತ್ತರ: ಇದು ರೂಪಕವಲ್ಲ. ರೂಪಕಕ್ಕೆ ಸಾದೃಶ್ಯ ಬೇಕು. ಊರಿಗೂ ಊರಿನ ಜನರಿಗೂ ಹೋಲಿಕೆಯಿಲ್ಲ, ಜನ ಅಲ್ಲಿ ವಾಸಿಸುತ್ತಾರೆ ಎಂಬ ಸಂಬಂಧ ಮಾತ್ರ ಇದೆ. ಇಂಥ ಪ್ರಯೋಗಗಳನ್ನು ನಮ್ಮ ಶಾಸ್ತ್ರ ಲಕ್ಷಣೆಯ ಅಡಿಯಲ್ಲಿ ಚರ್ಚಿಸುತ್ತದೆ. ಪದಕ್ಕೆ ಮೂರು ಶಕ್ತಿಗಳು: ನೇರವಾದ ವಾಚ್ಯಾರ್ಥವನ್ನು ಕೊಡುವುದು ಅಭಿಧೆ, ಅದು ಹೊಂದದಿದ್ದಾಗ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥವನ್ನು ಕೊಡುವುದು ಲಕ್ಷಣೆ, ಇವೆರಡನ್ನೂ ಮೀರಿದ ಅರ್ಥವನ್ನು ಹೊಳೆಯಿಸುವುದು ವ್ಯಂಜನೆ. ಲಕ್ಷಣೆಗೆ ಮೂರು ಷರತ್ತುಗಳಿವೆ. ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ಮತ್ತು ಆ ಬಳಕೆಗೆ ರೂಢಿಯೋ ಒಂದು ಪ್ರಯೋಜನವೋ ಕಾರಣವಾಗಿರಬೇಕು. "ಗಂಗೆಯಲ್ಲಿ ಹಳ್ಳಿಯಿದೆ" ಎಂಬುದು ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ. ಹರಿಯುವ ನೀರಿನಲ್ಲಿ ಹಳ್ಳಿ ಇರಲಾರದು, ಆದ್ದರಿಂದ ಗಂಗೆಯ ದಡದಲ್ಲಿ ಎಂದು ಅರ್ಥಮಾಡಿಕೊಳ್ಳುತ್ತೇವೆ. ಹಾಗಾದರೆ "ದಡದಲ್ಲಿ" ಎಂದೇ ಏಕೆ ಹೇಳಲಿಲ್ಲ? ಗಂಗೆಯ ತಂಪು ಮತ್ತು ಪಾವಿತ್ರ್ಯ ಆ ಹಳ್ಳಿಗೂ ಅಂಟಲಿ ಎಂಬ ಪ್ರಯೋಜನಕ್ಕಾಗಿ.

ಈ ಪ್ರಯೋಜನದ ಮಾತನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸ್ವಾರಸ್ಯ ಇರುವುದೆಲ್ಲ ಅಲ್ಲಿಯೇ. ಭಾಗವನ್ನು ಹೇಳಿ ಇಡಿಯನ್ನು ಸೂಚಿಸುವಾಗ ಯಾವ ಭಾಗವನ್ನು ಆರಿಸಿಕೊಂಡೆವೆಂಬುದರಲ್ಲೇ ಒಂದು ನಿಲುವು ಇರುತ್ತದೆ. "ದುಡಿಯುವ ಕೈ ಎರಡು, ಉಣ್ಣುವ ಬಾಯಿ ಎಂಟು" ಎಂಬ ಮಾತಿನಲ್ಲಿ ಕೈ ಎಂದರೂ ಮನುಷ್ಯರೇ, ಬಾಯಿ ಎಂದರೂ ಮನುಷ್ಯರೇ. ಬಾಯಿ ಎಂದ ಕೂಡಲೇ ಅವರು ಹೊರೆಯಾಗುತ್ತಾರೆ, ಕೈ ಎಂದ ಕೂಡಲೇ ಆಸರೆಯಾಗುತ್ತಾರೆ. ಬಡತನದ ಬಗ್ಗೆ ಬರೆಯುವ ಲೇಖಕನೊಬ್ಬ ಜನರನ್ನು ಸದಾ "ಬಾಯಿ"ಗಳೆಂದೇ ಎಣಿಸುತ್ತಿದ್ದರೆ, ಅವನ ಸಹಾನುಭೂತಿ ಎಷ್ಟು ಆಳದ್ದೆಂದು ಓದುಗ ಅಲ್ಲಿಯೇ ಒಮ್ಮೆ ನಿಂತು ಯೋಚಿಸಬಹುದು.

ಪ್ರಶ್ನೆ: ವ್ಯಂಗ್ಯ ಎಂದರೆ ಚುಚ್ಚುಮಾತು ಎಂದು ತಿಳಿದಿದ್ದೆ. ಒಂದು ವಿಮರ್ಶಾ ಲೇಖನದಲ್ಲಿ "ಈ ಶೋಕಗೀತೆಯ ವ್ಯಂಗ್ಯಾರ್ಥ" ಎಂಬ ಮಾತು ಬಂತು. ಶೋಕಗೀತೆಯಲ್ಲಿ ಚುಚ್ಚುಮಾತು ಎಲ್ಲಿಂದ ಬರಬೇಕು? ವಿಡಂಬನೆ, ನಾಟಕೀಯ ವ್ಯಂಗ್ಯ ಎಂಬುವನ್ನೂ ವಿವರಿಸಿ.

ಉತ್ತರ: ಆ ಲೇಖಕರು ವ್ಯಂಜನಾಶಕ್ತಿಯಿಂದ ಹೊಳೆಯುವ ಅರ್ಥವನ್ನು ಕುರಿತು ಹೇಳಿದ್ದಾರೆ. "ಸೂರ್ಯ ಮುಳುಗಿದ" ಎಂಬ ಒಂದೇ ಮಾತು ದನ ಕಾಯುವವನಿಗೆ ಕೊಟ್ಟಿಗೆಗೆ ಹಿಂದಿರುಗುವ ಹೊತ್ತಾಯಿತೆಂದೂ, ಪ್ರಿಯನಿಗಾಗಿ ಕಾಯುವವಳಿಗೆ ಅವನು ಬರುವ ಹೊತ್ತಾಯಿತೆಂದೂ, ಕಳ್ಳನಿಗೆ ಕೆಲಸ ಶುರುಮಾಡಬಹುದೆಂದೂ ತಿಳಿಸುತ್ತದೆ ಎಂದು ಆಲಂಕಾರಿಕರು ವಿವರಿಸುತ್ತಾರೆ. ಹೀಗೆ ಹೇಳದೆಯೇ ತಿಳಿಯುವ ಅರ್ಥ ವ್ಯಂಗ್ಯಾರ್ಥ. ಅದೇ ಪ್ರಧಾನವಾಗಿ ನಿಂತರೆ ಅದು ಧ್ವನಿಕಾವ್ಯ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಒಂದೆಂದು ಎಣಿಸಿದೆ. ಒಂದು ಕಡೆ ಪಟ್ಟಿಯ ಕೊನೆಗೆ ಸೇರಿದ್ದು ಇನ್ನೊಂದು ಕಡೆ ಇಡೀ ಕಾವ್ಯಕ್ಕೆ ಆಧಾರವಾಯಿತೆಂಬುದು ಸ್ವಾರಸ್ಯದ ಸಂಗತಿ.

ನೀವು ತಿಳಿದಿರುವ ಚುಚ್ಚುಮಾತು ಬೇರೆ. ಒಂದು ಗಂಟೆ ತಡವಾಗಿ ಬಂದವನಿಗೆ "ಬಹಳ ಬೇಗ ಬಂದಿರಿ" ಎಂದಾಗ ವಾಚ್ಯಾರ್ಥಕ್ಕೆ ನೇರ ವಿರುದ್ಧವಾದ ಅರ್ಥ ಹೊರಡುತ್ತದೆ. ಇದನ್ನು ವಿಪರೀತ ಲಕ್ಷಣೆ ಎನ್ನುತ್ತಾರೆ. ಹೊಗಳಿಕೆಯ ವೇಷದಲ್ಲಿ ನಿಂದೆಯನ್ನೋ ನಿಂದೆಯ ವೇಷದಲ್ಲಿ ಹೊಗಳಿಕೆಯನ್ನೋ ಕಾವ್ಯದಲ್ಲಿ ತಂದರೆ ವ್ಯಾಜಸ್ತುತಿ. ವಿಡಂಬನೆಯೆಂದರೆ ಇಂಥ ಒಂದು ಮಾತಿಗಿಂತ ದೊಡ್ಡದು: ವ್ಯಕ್ತಿಯ, ಸಂಸ್ಥೆಯ ಅಥವಾ ಒಂದು ಬರವಣಿಗೆಯ ರೀತಿಯ ಲೋಪವನ್ನು ಅನುಕರಣೆಯಿಂದಲೋ ವಿಕೃತಗೊಳಿಸಿಯೋ ನಗೆಗೀಡುಮಾಡುವ ಒಟ್ಟು ಧೋರಣೆ ಅದು, ಒಂದು ಇಡೀ ಪ್ರಬಂಧ ಅಥವಾ ನಾಟಕವೇ ವಿಡಂಬನೆಯಾಗಿರಬಹುದು.

ನಾಟಕೀಯ ವ್ಯಂಗ್ಯದಲ್ಲಿ ಚುಚ್ಚುವವನು ಯಾರೂ ಇರುವುದಿಲ್ಲ. ಪಾತ್ರಕ್ಕೆ ಗೊತ್ತಿಲ್ಲದ ಸತ್ಯ ಪ್ರೇಕ್ಷಕನಿಗೆ ಗೊತ್ತಿರುವುದರಿಂದ, ಪಾತ್ರ ಒಂದು ಅರ್ಥದಲ್ಲಿ ಆಡಿದ ಮಾತು ಪ್ರೇಕ್ಷಕನಿಗೆ ಇನ್ನೊಂದು ಅರ್ಥದಲ್ಲಿ ಕೇಳಿಸುತ್ತದೆ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್, ಹಿಂದಿನ ದೊರೆಯನ್ನು ಕೊಂದವನಿಗೆ ತುಂಬಿದ ಜನರೆದುರು ಶಾಪ ಹಾಕುತ್ತಾನೆ. ಕೊಂದವನು ತಾನೇ ಎಂಬುದು ಅವನಿಗೆ ಗೊತ್ತಿಲ್ಲ, ಕಥೆಯನ್ನು ಮೊದಲೇ ಬಲ್ಲ ಪ್ರೇಕ್ಷಕರಿಗೆ ಗೊತ್ತು. ಶಾಪ ಎಷ್ಟು ಕಠೋರವಾಗುತ್ತ ಹೋಗುತ್ತದೆಯೋ ಪ್ರೇಕ್ಷಕನ ಎದೆ ಅಷ್ಟೇ ಕುಸಿಯುತ್ತದೆ. ಇಲ್ಲಿ ನಗುವಿಗೆ ಎಡೆಯೇ ಇಲ್ಲ.

ಪ್ರಶ್ನೆ: ರನ್ನನ "ನೀರೊಳಗಿರ್ದುಂ ಬೆಮರ್ತನುರಗಪತಾಕಂ" ಎಂಬ ಮಾತಿಗೆ ಒಂದು ಕೈಪಿಡಿಯಲ್ಲಿ ವಿರೋಧಾಭಾಸವೆಂದೂ ಇನ್ನೊಂದರಲ್ಲಿ ವಿಭಾವನೆಯೆಂದೂ ಇದೆ. ಉತ್ತರಪತ್ರಿಕೆಯಲ್ಲಿ ಯಾವುದನ್ನು ಬರೆಯಲಿ? (ಒಬ್ಬ ಪದವಿ ವಿದ್ಯಾರ್ಥಿ)

ಉತ್ತರ: ಎರಡಕ್ಕೂ ಸಮರ್ಥನೆಯಿದೆ, ಸಮರ್ಥನೆಯ ಸಹಿತ ಬರೆದರೆ ಯಾವ ಪರೀಕ್ಷಕರೂ ಅಂಕ ಕಳೆಯಬಾರದು. ಪದ್ಯವನ್ನು ಪೂರ್ತಿಯಾಗಿ ನೋಡೋಣ:

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸನ್ನಿವೇಶ ನಿಮಗೆ ತಿಳಿದದ್ದೇ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತ ಭೀಮ ಗರ್ಜಿಸುತ್ತಾನೆ. ಸಿಂಹದ ಗರ್ಜನೆಯನ್ನು ಗೆದ್ದ, ಗುಡುಗಿನ ಸದ್ದನ್ನು ಹಿಮ್ಮೆಟ್ಟಿಸಿದ ಆ ಧ್ವನಿಯನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾದ ದುರ್ಯೋಧನ ನೀರಿನೊಳಗಿದ್ದರೂ ಬೆವರಿದ. ನೀರಿನಲ್ಲಿರುವುದಕ್ಕೂ ಬೆವರುವುದಕ್ಕೂ ಮೇಲ್ನೋಟಕ್ಕೆ ವಿರೋಧವಿದೆ. ಬೆವರಿಗೆ ಸೆಕೆಯಲ್ಲದೆ ಮನಸ್ಸಿನ ಕ್ಷೋಭೆಯೂ ಕಾರಣವೆಂದು ಹೊಳೆದ ಕೂಡಲೇ ಆ ವಿರೋಧ ಕರಗುತ್ತದೆ. ಹೀಗೆ ನೋಡಿದರೆ ವಿರೋಧಾಭಾಸ. ಲೋಕಪ್ರಸಿದ್ಧ ಕಾರಣವಿಲ್ಲದೆ ಕಾರ್ಯ ಹುಟ್ಟುವುದು ವಿಭಾವನೆ. ತಡೆಯಿದ್ದರೂ ಕಾರ್ಯ ಹುಟ್ಟುವುದನ್ನು ಅಪ್ಪಯ್ಯ ದೀಕ್ಷಿತರ ಕುವಲಯಾನಂದ ವಿಭಾವನೆಯ ಒಂದು ಪ್ರಭೇದವೆಂದೇ ಎಣಿಸಿದೆ. ಬೆವರಿಗೆ ತಂಪಾದ ನೀರು ತಡೆ, ಆದರೂ ಬೆವರು ಬಂತು ಎಂದು ನೋಡಿದರೆ ವಿಭಾವನೆ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಾನು ವಿಭಾವನೆಯನ್ನು ಆರಿಸುತ್ತೇನೆ, ಏಕೆಂದರೆ ಪದ್ಯದ ಒತ್ತೆಲ್ಲ "ನೀರೊಳಗಿರ್ದುಂ" ಎಂಬುದರ ಕೊನೆಯ "ಉಂ" ಮೇಲೆ, ಅಂದರೆ ತಡೆಯಿದ್ದೂ ಆಯಿತಲ್ಲ ಎಂಬುದರ ಮೇಲೆ ಬಿದ್ದಿದೆ.

ಆದರೆ ಇಷ್ಟಕ್ಕೇ ಬಿಟ್ಟರೆ ಪದ್ಯದ ಬಹುಪಾಲು ಕೈತಪ್ಪುತ್ತದೆ. ಬೆವರುವುದು, ಅಂದರೆ ಸ್ವೇದ, ಎಂಟು ಸಾತ್ತ್ವಿಕಭಾವಗಳಲ್ಲಿ, ಎಂದರೆ ಒಳಗಿನ ಭಾವ ಮೈಯ ಮೇಲೆ ತಾನಾಗಿ ತೋರುವ ಬಗೆಗಳಲ್ಲಿ, ಒಂದು. ಅದು ಕೋಪದಲ್ಲಿಯೂ ಬರುತ್ತದೆ, ಭಯದಲ್ಲಿಯೂ ಬರುತ್ತದೆ. ರನ್ನ ಕೋಪವನ್ನು "ಕೋಪಾರುಣನೇತ್ರಂ" ಎಂದು ಬಾಯಿಬಿಟ್ಟು ಹೇಳಿದ್ದಾನೆ, ಭಯವನ್ನು ಹೇಳಿಲ್ಲ. ಕಣ್ಣು ಕೋಪವನ್ನು ತೋರಿಸುತ್ತಿರುವಾಗ ಮೈ ಬೇರೇನನ್ನಾದರೂ ತೋರಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಓದುಗನಿಗೆ ಬಿಟ್ಟಿದ್ದಾನೆ. ಹಿಂದಿನ ಉತ್ತರದಲ್ಲಿ ಹೇಳಿದ ಧ್ವನಿ ಇದೇ.

ಶಬ್ದವನ್ನೂ ಗಮನಿಸಿ. ಮೊದಲ ಎರಡು ಸಾಲುಗಳಲ್ಲಿ "ರವ" ನಾಲ್ಕು ಸಲ ಬಂದಿದೆ. ಅದರಲ್ಲಿ ಒಂದು ಸಿಂಹವೆಂಬ ಅರ್ಥದ "ಕಂಠೀರವ" ಪದದೊಳಗೆ ಸೇರಿಕೊಂಡಿದೆ, ಒಡನೆಯೇ ಸದ್ದೆಂಬ ಅರ್ಥದ "ರವ" ಬಂದು ಅದಕ್ಕೆ ತಾಗುತ್ತದೆ. ಪದ್ಯದ ಮೊದಲರ್ಧದಲ್ಲಿ ಹೀಗೆ ಗರ್ಜನೆ ತುಂಬಿದ್ದರೆ ಉತ್ತರಾರ್ಧದಲ್ಲಿ "ರವ" ಒಮ್ಮೆಯೂ ಇಲ್ಲ. ನಾಲ್ಕು ಪಾದಗಳ ಎರಡನೆಯ ಅಕ್ಷರಗಳು ರ, ರ, ರು, ರೊ, ಇದು ಆದಿಪ್ರಾಸ. ಅದರ ಹಿಂದಿನ ಆ, ಠೀ, ಪಾ, ನೀ ನಾಲ್ಕೂ ದೀರ್ಘವಾಗಿರುವುದರಿಂದ ಗಜಪ್ರಾಸ. ಇನ್ನು ಕರ್ತೃಪದವನ್ನು ಕವಿ ಕಟ್ಟಕಡೆಗೆ ಇಟ್ಟಿದ್ದಾನೆ. ಹೆಸರನ್ನು ಹೇಳದೆ "ಹಾವಿನ ಬಾವುಟದವನು" ಎಂದಿದ್ದಾನೆ. ಬಾವುಟವನ್ನು ಎತ್ತಿ ಹಿಡಿಯಲಾಗದಂತೆ ಅಡಗಿ ಕುಳಿತ ಹೊತ್ತಿನಲ್ಲಿ ಅರಸನನ್ನು ಬಾವುಟದಿಂದ ಗುರುತಿಸಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಪ್ರತಿಮೆ, ಸಂಕೇತ, ರೂಪಕ ಇವುಗಳನ್ನು ವಿಮರ್ಶಕರು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತೆ ಕಾಣುತ್ತದೆ. ಖಚಿತವಾದ ಗೆರೆ ಇದೆಯೇ?

ಉತ್ತರ: ಗೆರೆ ಇದೆ, ಆದರೆ ಒಂದೇ ವಸ್ತು ಒಂದೇ ಕೃತಿಯಲ್ಲಿ ಆ ಗೆರೆಗಳನ್ನು ದಾಟುತ್ತ ಹೋಗಬಹುದು. ಮಾರಿಹೋದ ಮನೆಯೊಂದರ ಬೀಗದ ಕೈಯನ್ನು ಇಟ್ಟುಕೊಂಡ ಹೆಂಗಸಿನ ಕಥೆಯನ್ನು ಊಹಿಸಿಕೊಳ್ಳಿ. "ಬೀಗದ ಕೈ ಮೇಜಿನ ಮೇಲಿತ್ತು" ಎಂದರೆ ಅದು ಬರಿಯ ವಸ್ತು. ಅದರ ಹಲ್ಲುಗಳಲ್ಲಿ ಕುಳಿತ ತುಕ್ಕು, ಅಂಗೈಯಲ್ಲಿ ಅದು ಬಿಟ್ಟ ಕಬ್ಬಿಣದ ವಾಸನೆ, ಸೆರಗಿನ ತುದಿಯಲ್ಲಿ ಅದರ ಭಾರ ಓದುಗನಿಗೆ ತಟ್ಟುವಂತೆ ಬಂದರೆ ಅದು ಪ್ರತಿಮೆ. ಪ್ರತಿಮೆ ಇಂದ್ರಿಯಗಳಿಗೆ ಎಟಕುವ ಶಬ್ದಚಿತ್ರ, ಅದಕ್ಕೆ ಹೋಲಿಕೆ ಇರಲೇಬೇಕೆಂದಿಲ್ಲ. ಮಗಳ ಮದುವೆಯಲ್ಲಿ, ಆಸ್ಪತ್ರೆಯಲ್ಲಿ, ಕೊನೆಗೆ ಅವಳ ಪೆಟ್ಟಿಗೆಯನ್ನು ಬೇರೆಯವರು ತೆರೆದಾಗ, ಹೀಗೆ ಕಥೆಯುದ್ದಕ್ಕೂ ಅದೇ ಬೀಗದ ಕೈ ಮರಳಿ ಮರಳಿ ಬಂದು ಪ್ರತಿಸಲವೂ ಹೊಸ ಅರ್ಥವನ್ನು ಕೂಡಿಸಿಕೊಂಡರೆ ಅದು ಸಂಕೇತ. ಲೇಖಕ "ನೆನಪಿನ ಬೀಗದ ಕೈ" ಎಂದು ಬರೆದುಬಿಟ್ಟರೆ ರೂಪಕ. ಮೂರನೆಯದನ್ನು ಬರೆಯದಿದ್ದರೆ ಕಥೆಗೆ ಒಳ್ಳೆಯದಿತ್ತು ಎಂದು ಸಂಪಾದಕನಾಗಿ ಹೇಳಬೇಕಾಗುತ್ತದೆ, ಏಕೆಂದರೆ ಸಂಕೇತಕ್ಕೆ ಅರ್ಥವನ್ನು ಬರೆದಿಟ್ಟ ಕೂಡಲೇ ಅದರ ಉಳಿದ ಅರ್ಥಗಳು ಬಾಗಿಲು ಮುಚ್ಚಿಕೊಳ್ಳುತ್ತವೆ. ಪ್ರತಿ ಪಾತ್ರಕ್ಕೂ ಪ್ರತಿ ಘಟನೆಗೂ ನಿಗದಿತವಾದ ಇನ್ನೊಂದು ಅರ್ಥವಿರುವಂತೆ ಇಡೀ ಕಥೆಯನ್ನು ಕಟ್ಟಿದರೆ ಅದನ್ನು ಅನ್ಯೋಕ್ತಿ ಅಥವಾ ರೂಪಕಕಥೆ ಎಂದು ಕರೆಯುವುದು ವಾಡಿಕೆ.

ಪ್ರಶ್ನೆ: ಕಥೆಯಲ್ಲಿ "ನಾನು" ಎಂದು ಬಂದರೆ ಅದು ಲೇಖಕರೇ ಅಲ್ಲವೇ?

ಉತ್ತರ: ಆತ್ಮಕಥೆಯಲ್ಲಿ ಹೌದು. ಕಥೆ, ಕಾದಂಬರಿಗಳಲ್ಲಿ "ನಾನು" ಒಂದು ಪಾತ್ರ; ಅವನನ್ನು ಅಥವಾ ಅವಳನ್ನು ನಿರೂಪಕ, ನಿರೂಪಕಿ ಎನ್ನಬೇಕು. ನಿರೂಪಕ ಸುಳ್ಳು ಹೇಳಬಹುದು, ತನಗೆ ತಾನೇ ಮೋಸ ಮಾಡಿಕೊಳ್ಳಬಹುದು, ಮಗುವಾದ್ದರಿಂದ ಕಂಡದ್ದು ಅರ್ಥವಾಗದೆಯೂ ಇರಬಹುದು. ಅಂಥ ನಿರೂಪಕನ ಮಾತಿನ ಸಂದಿಗಳಿಂದ ನಿಜವಾಗಿ ನಡೆದದ್ದನ್ನು ಓದುಗ ಊಹಿಸಿಕೊಳ್ಳುವಂತೆ ಬರೆಯುವುದು ಕಥೆಗಾರನ ಜಾಣ್ಮೆ.

ಪ್ರಶ್ನೆ: ನನ್ನ ಕವಿತೆಗಳಲ್ಲಿ ಅಲಂಕಾರ ಹೆಚ್ಚಾಯಿತೆಂದು ಒಂದು ಪತ್ರಿಕೆ ಹಿಂದಿರುಗಿಸಿದೆ. ಹೆಚ್ಚೆಂದರೆ ಎಷ್ಟು? ಇದಕ್ಕೆ ಅಳತೆಯಿದೆಯೇ?

ಉತ್ತರ: ಎಣಿಕೆಯ ಅಳತೆ ಯಾರೂ ಕೊಟ್ಟಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕ ಎಂಬ ನಾಲ್ಕೇ ಅಲಂಕಾರಗಳಿದ್ದವು. ಕುವಲಯಾನಂದದ ಕಾಲಕ್ಕೆ ಅವು ನೂರನ್ನು ದಾಟಿದವು. ಹೆಸರುಗಳು ಹೆಚ್ಚಿದ ಮಾತ್ರಕ್ಕೆ ಕಾವ್ಯ ಹೆಚ್ಚಲಿಲ್ಲ ಎಂಬುದನ್ನು ಬಲ್ಲವರು ಬಲ್ಲರು. ಆಲಂಕಾರಿಕ ಕ್ಷೇಮೇಂದ್ರ ಇದಕ್ಕೆ ಔಚಿತ್ಯ ಎಂಬ ಮಾತನ್ನು ಮುಂದಿಟ್ಟ. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ನೋಡಿ ಯಾರು ನಗುವುದಿಲ್ಲ ಎಂದು ಅವನು ಕೇಳುತ್ತಾನೆ. ಆಭರಣದ ಸಂಖ್ಯೆಯ ಬಗ್ಗೆ ಅವನಿಗೆ ತಕರಾರಿಲ್ಲ, ಸ್ಥಾನದ ಬಗ್ಗೆ ಇದೆ.

ನಿಮ್ಮ ಕವಿತೆಗಳನ್ನು ನಾನು ನೋಡಿಲ್ಲವಾದ್ದರಿಂದ, ಹೀಗೆ ಹಿಂದಿರುಗುವ ಕವಿತೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ದೋಷಗಳನ್ನು ಹೇಳುತ್ತೇನೆ. ಮೊದಲನೆಯದು, ಹೊಂದದ ರೂಪಕಗಳ ಬೆರಕೆ. "ಭ್ರಷ್ಟಾಚಾರದ ಬೇರುಗಳು ಎಲ್ಲೆಡೆ ಹೊಗೆಯಾಡುತ್ತಿವೆ" ಎಂದು ಬರೆದವನಿಗೆ ಬೇರೂ ಕಂಡಿಲ್ಲ, ಹೊಗೆಯೂ ಕಂಡಿಲ್ಲ; ಬಾಯಿಗೆ ಬಂದ ಎರಡು ಸಿದ್ಧಪದಗಳನ್ನು ಅಂಟಿಸಿದ್ದಾನೆ. ಎರಡನೆಯದು, ಒಂದು ಉಪಮಾನ ತನ್ನ ಕೆಲಸ ಮಾಡುವ ಮುನ್ನವೇ ಇನ್ನೊಂದನ್ನು ತಂದು ನಿಲ್ಲಿಸುವುದು. ಇಲ್ಲಿ ಒಂದು ಅಡ್ಡಮಾತು: ಒಂದೇ ಉಪಮೇಯಕ್ಕೆ ಹಲವು ಉಪಮಾನಗಳು ಬರುವುದೇ ತಪ್ಪೆಂದಲ್ಲ, ಅದಕ್ಕೆ ಮಾಲೋಪಮೆ ಎಂಬ ಹೆಸರೇ ಇದೆ. ಬಸವಣ್ಣನವರ ವಚನದಲ್ಲಿ ನುಡಿಗೆ ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ ಎಂಬ ಮೂರು ಉಪಮಾನಗಳು ಬರುತ್ತವೆ. ಪೋಣಿಸಿದ ಕ್ರಮ, ಬೆಳಕು, ಆರಪಾರ ಕಾಣುವ ಖಚಿತತೆ ಎಂದು ಮೂರೂ ನುಡಿಯ ಮೂರು ಬೇರೆ ಗುಣಗಳನ್ನು ತೋರುವುದರಿಂದ ಯಾವುದನ್ನು ತೆಗೆದರೂ ಒಂದು ಗುಣ ಕಡಿಮೆಯಾಗುತ್ತದೆ. ನಿಮ್ಮ ಕವಿತೆಯಲ್ಲಿಯೂ ಪ್ರತಿ ಉಪಮಾನವನ್ನು ಒಮ್ಮೆ ಅಳಿಸಿ ಓದಿ ನೋಡಿ. ಏನೂ ಕಳೆದುಹೋಗದಿದ್ದರೆ ಅದನ್ನು ಮರಳಿ ಬರೆಯಬೇಡಿ.

ಪ್ರಶ್ನೆ: ಯಮಕ ಮತ್ತು ಶ್ಲೇಷಗಳಿಗೆ ಆಡುಗನ್ನಡದ ಉದಾಹರಣೆ ಕೊಡಿ. ಪುಸ್ತಕದಲ್ಲಿರುವವು ಸಂಸ್ಕೃತಮಯವಾಗಿದ್ದು ತಲೆಗೆ ಹತ್ತುವುದಿಲ್ಲ.

ಉತ್ತರ: "ಹತ್ತು ಮೆಟ್ಟಿಲು ಹತ್ತು" ಎಂಬುದು ಯಮಕ. ಒಂದೇ ಅಕ್ಷರಗುಂಪು ಎರಡು ಸಲ ಬಂದು, ಮೊದಲು ಸಂಖ್ಯೆಯನ್ನೂ ಆಮೇಲೆ ಕ್ರಿಯೆಯನ್ನೂ ಹೇಳುತ್ತಿದೆ. ಅಕ್ಷರಗಳಷ್ಟೇ ಮರಳಿ ಬಂದು ಇಂಥ ಅರ್ಥಭೇದದ ಮಾತೇ ಇಲ್ಲದಿದ್ದರೆ ಅದು ಅನುಪ್ರಾಸ. "ಕಷ್ಟಕಾಲದಲ್ಲಿ ಗೆಳೆಯ ಕೈಕೊಟ್ಟ" ಎಂಬುದು ಶ್ಲೇಷ. ಪದ ಒಂದೇ ಸಲ ಬಂದಿದೆ, ಆದರೆ ಕೈ ನೀಡಿ ಎತ್ತಿದನೋ ನಡುನೀರಿನಲ್ಲಿ ಬಿಟ್ಟನೋ ಎಂಬ ಎರಡೂ ಅರ್ಥಗಳು ಅದರಲ್ಲಿವೆ. ಯಾವುದೆಂದು ಮುಂದಿನ ವಾಕ್ಯವೇ ಹೇಳಬೇಕು.